ಮನೆಯ ರೌಟರನ್ನು ಬ್ರೌಸರ್ ಏಕೆ ನಂಬುವುದಿಲ್ಲ?

ರೌಟರ್, ಪ್ರಿಂಟರ್, ಸಿಸಿಟಿವಿಯ ಡಿವಿಆರ್, ಕಡತಗಳನ್ನು ಕೂಡಿಡುವ ನ್ಯಾಸ್ ಪೆಟ್ಟಿಗೆ ಮುಂತಾದ ಬಹುತೇಕ ಸಾಧನಗಳ ಒಳಗೆ ಒಂದು ಪುಟ್ಟ ವೆಬ್ ಸರ್ವರ್ ಇರುತ್ತದೆ. ಬ್ರೌಸರ್‌ನಲ್ಲಿ 192.168.1.1ರಂಥ ವಿಳಾಸ ಕೊಟ್ಟರೆ ಸಾಧನದ ಸೆಟ್ಟಿಂಗ್ಸ್ ಪುಟ ತೆರೆದುಕೊಳ್ಳುತ್ತದೆ. ಆದರೆ ಸಂಪರ್ಕ ಎಚ್‌ಟಿಟಿಪಿಎಸ್ ಮೂಲಕ ನಡೆದರೆ ಪುಟಕ್ಕಿಂತ ಮೊದಲು ಎಚ್ಚರಿಕೆ ಎದುರಾಗುವುದೇ ಹೆಚ್ಚು. ಅದರ ಅರ್ಥ ಮಾಹಿತಿ ಗೂಢಲಿಪಿಗೆ ಬದಲಾಗುತ್ತಿಲ್ಲ ಎಂದಲ್ಲ. ಆಚೆ ತುದಿಯಲ್ಲಿರುವುದು ನಿಜಕ್ಕೂ ಆ ಸಾಧನವೇ ಎಂಬುದಕ್ಕೆ ಬ್ರೌಸರ್‌ಗೆ ಪುರಾವೆ ಸಿಕ್ಕಿಲ್ಲ ಎಂದು.

ಆ ಪುರಾವೆಯೇ ಸರ್ಟಿಫಿಕೇಟ್. ಅದನ್ನು ಕಂಡೊಡನೆ ಬ್ರೌಸರ್ ಮುಖ್ಯವಾಗಿ ಮೂರು ಸಂಗತಿ ಪರಿಶೀಲಿಸುತ್ತದೆ: ಸಹಿ ಹಾಕಿದವರು ಯಾರು, ಅದು ಯಾವ ಹೆಸರಿಗೆ ಸೇರಿದ್ದು, ಅದರ ಅವಧಿ ಎಲ್ಲಿಂದ ಎಲ್ಲಿಯವರೆಗೆ. ಯಾವುದು ತಪ್ಪಿತು ಎಂಬುದು ಎಚ್ಚರಿಕೆಯ ಪುಟದಲ್ಲಿರುವ ದೋಷಸಂಕೇತದಿಂದ ತಿಳಿಯುತ್ತದೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಆದ್ದರಿಂದ ಮೊದಲು ಆ ಸಂಕೇತವನ್ನು ಓದಬೇಕು.

ಕ್ರೋಮ್‌ನಲ್ಲಿ ‘ಆಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ ತೊಡಕು ಸಹಿಯದು. ಸಾರ್ವಜನಿಕ ಜಾಲತಾಣಗಳಿಗೆ ಮಾನ್ಯತೆ ಪಡೆದ ಸಂಸ್ಥೆಗಳು ಸರ್ಟಿಫಿಕೇಟ್ ಕೊಡುತ್ತವೆ. ಅವುಗಳ ಪಟ್ಟಿ ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲೇ ಇರುತ್ತದೆ. ರೌಟರ್ ಮಾತ್ರ ತನ್ನ ಗುರುತಿನ ಚೀಟಿಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ಅದರ ಐಪಿ ವಿಳಾಸಕ್ಕೆ ಮಾನ್ಯ ಸಂಸ್ಥೆಯ ಸಹಿ ಪಡೆಯುವ ದಾರಿಯೂ ಇಲ್ಲ. 10, 172.16 ಮತ್ತು 192.168ರಿಂದ ಆರಂಭವಾಗುವ ವಿಳಾಸವಲಯಗಳನ್ನು 1996ರ ಅಂತರ್ಜಾಲ ನಿಯಮಗಳ ದಾಖಲೆ ಆರ್‌ಎಫ್‌ಸಿ 1918 ಖಾಸಗಿ ಜಾಲಗಳಿಗೆಂದು ಮೀಸಲಿಟ್ಟಿದೆ. ಒಂದೇ 192.168.1.1 ಲಕ್ಷಾಂತರ ಮನೆಗಳಲ್ಲಿರುವುದರಿಂದ ಅದು ಯಾರೊಬ್ಬರ ಸ್ವತ್ತೆಂದು ಸಾಬೀತುಪಡಿಸಲಾಗದು. ಹೀಗಾಗಿ 2015ರ ನವೆಂಬರ್ 1ರ ನಂತರವೂ ಊರ್ಜಿತವಾಗಿರುವ ಸರ್ಟಿಫಿಕೇಟನ್ನು ಇಂಥ ವಿಳಾಸಗಳಿಗೆ ಕೊಡಕೂಡದೆಂದು ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿದ ಸಿಎ/ಬ್ರೌಸರ್ ಫೋರಂ ನಿಯಮ ಮಾಡಿತು.

‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂಬುದು ಹೆಸರು ಹೊಂದುತ್ತಿಲ್ಲ ಎಂಬ ದೂರು. ಸರ್ಟಿಫಿಕೇಟ್‌ನಲ್ಲಿ ಸಾಧನದ ಹೆಸರಿದ್ದು, ಬಳಕೆದಾರರು ಐಪಿ ವಿಳಾಸ ಕೊಟ್ಟರೆ ಬ್ರೌಸರ್ ಒಪ್ಪುವುದಿಲ್ಲ. ಸರ್ಟಿಫಿಕೇಟ್‌ನಲ್ಲಿರುವ ಹೆಸರಿನಿಂದಲೇ ತೆರೆದರೆ ಈ ದೋಷ ಹೋಗುತ್ತದೆ. ಹಳೆಯ ಸಾಧನಗಳಲ್ಲಿ ಇನ್ನೊಂದು ಕಾರಣವಿದೆ. 2017ರಲ್ಲಿ ಬಂದ ಕ್ರೋಮ್ 58ರಿಂದ ಬ್ರೌಸರ್ ‘ಕಾಮನ್ ನೇಮ್’ ಅಂಕಣವನ್ನು ನೋಡುವುದನ್ನೇ ಬಿಟ್ಟು, ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಅಂಕಣವನ್ನಷ್ಟೇ ಓದುತ್ತದೆ. ಆ ಅಂಕಣವಿಲ್ಲದ ಸರ್ಟಿಫಿಕೇಟನ್ನು ಹೊಸದಾಗಿ ಸೃಷ್ಟಿಸದೆ ವಿಧಿಯಿಲ್ಲ.

‘ಡೇಟ್ ಇನ್‌ವ್ಯಾಲಿಡ್’ ಕಂಡಾಗ ಮೊದಲು ಕಂಪ್ಯೂಟರ್ ಗಡಿಯಾರ ನೋಡಬೇಕು, ನಂತರ ಸಾಧನದ್ದು. ಬ್ಯಾಟರಿಯಿರುವ ಗಡಿಯಾರ ಇಲ್ಲದ ಸಾಧನ ಕರೆಂಟ್ ಹೋಗಿ ಬಂದಾಗ 1970ರ ಜನವರಿ 1ಕ್ಕೆ ಮರಳಬಹುದು. ಅದೇ ಹೊತ್ತಿನಲ್ಲಿ ಸರ್ಟಿಫಿಕೇಟ್ ಸೃಷ್ಟಿಯಾದರೆ ಅದರ ಅವಧಿ ಹುಟ್ಟುವಾಗಲೇ ಮುಗಿದಿರುವ ಸಾಧ್ಯತೆ ಉಂಟು. ಜಾಲದಿಂದ ಸಮಯ ಪಡೆಯುವ ಎನ್‌ಟಿಪಿ ಮೂಲಕ ಗಡಿಯಾರ ಸರಿಪಡಿಸಿ, ಆಮೇಲೆ ಹೊಸ ಸರ್ಟಿಫಿಕೇಟ್ ಮಾಡಿಸಬೇಕು. ಅವಧಿ ವಿಪರೀತ ಉದ್ದವಾದರೂ ತೊಂದರೆಯೇ: 2019ರ ಜುಲೈ 1ರಿಂದೀಚೆಗೆ ಕೊಟ್ಟ ಸರ್ಟಿಫಿಕೇಟ್ 825 ದಿನಗಳಿಗಿಂತ ಹೆಚ್ಚು ಬಾಳುವಂತಿದ್ದರೆ ಆಪಲ್ ಸಾಧನಗಳು ತಿರಸ್ಕರಿಸುತ್ತವೆ.

ಸಹಿಯ ಸಮಸ್ಯೆಗೆ ಶಾಶ್ವತ ಪರಿಹಾರ ಎರಡು. ಎಂಕೆಸರ್ಟ್ ಅಥವಾ ಓಪನ್‌ಎಸ್‌ಎಸ್‌ಎಲ್‌ನಂಥ ತಂತ್ರಾಂಶದಿಂದ ಸ್ವಂತ ಪ್ರಮಾಣೀಕರಣ ಸಂಸ್ಥೆಯನ್ನೇ ಮಾಡಿಕೊಂಡು, ಅದರ ಮೂಲ ಸರ್ಟಿಫಿಕೇಟನ್ನು ಕಂಪ್ಯೂಟರ್ ಮತ್ತು ಫೋನ್‌ಗಳ ನಂಬಿಕೆಯ ಪಟ್ಟಿಗೆ ಸೇರಿಸುವುದು ಒಂದು. ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿ ಇರುವುದರಿಂದ ಅಲ್ಲಿಯೂ ಸೇರಿಸಬೇಕಾಗಬಹುದು. ಈ ಸ್ವಂತ ಸಂಸ್ಥೆ ಸಹಿಗೆ ಬಳಸುವ ಖಾಸಗಿ ಕೀಲಿಯನ್ನು ಬಲು ಜೋಪಾನವಾಗಿಡಬೇಕು. ಅದು ಕೈತಪ್ಪಿದರೆ ಕದ್ದವರು ಬ್ಯಾಂಕಿನ ಹೆಸರಿನಲ್ಲೂ ಸರ್ಟಿಫಿಕೇಟ್ ಸೃಷ್ಟಿಸಬಹುದು, ಆ ಕಂಪ್ಯೂಟರ್‌ಗಳು ಅದನ್ನೂ ನಂಬುತ್ತವೆ.

ಸ್ವಂತ ಡೊಮೇನ್ ಇರುವವರಿಗೆ ಇನ್ನೊಂದು ದಾರಿಯಿದೆ. ಡೊಮೇನ್ ತಮ್ಮದೇ ಎಂಬುದನ್ನು, ಹೆಸರುಗಳನ್ನು ಐಪಿ ವಿಳಾಸಗಳಿಗೆ ಜೋಡಿಸುವ ಡಿಎನ್‌ಎಸ್‌ನ ದಾಖಲೆಯ ಮೂಲಕ ತೋರಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಮಾನ್ಯ ಸಂಸ್ಥೆ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತದೆ. ಸಾಧನ ಅಂತರ್ಜಾಲಕ್ಕೆ ತೆರೆದಿರಬೇಕಿಲ್ಲ. ಆ ಹೆಸರು ಮನೆಯೊಳಗಿನ ಐಪಿ ವಿಳಾಸಕ್ಕೆ ಹೋಗುವಂತೆ ಡಿಎನ್‌ಎಸ್‌ನಲ್ಲಿ ಬರೆದರಾಯಿತು. ಸರ್ಟಿಫಿಕೇಟ್‌ನ ಅವಧಿ ಕಡಿಮೆಯಾದ್ದರಿಂದ ನವೀಕರಣ ತಾನಾಗಿ ನಡೆಯುವಂತೆ ಮಾಡಿಡುವುದು ಅಗತ್ಯ.

ಎಚ್ಚರಿಕೆಯ ಪುಟದಲ್ಲಿ ‘ಅಡ್ವಾನ್ಸ್ಡ್’ ಒತ್ತಿ ಮುಂದುವರಿಯುವುದು ತಾತ್ಕಾಲಿಕ ಉಪಾಯ. ಕಂಪ್ಯೂಟರನ್ನು ಕೇಬಲ್‌ನಿಂದ ನೇರವಾಗಿ ಸಾಧನಕ್ಕೇ ಜೋಡಿಸಿದ್ದಾಗ ಅದರಲ್ಲಿ ಅಪಾಯ ಕಡಿಮೆ. ಹಾಸ್ಟೆಲ್ ಅಥವಾ ಕಚೇರಿಯ ವೈಫೈನಲ್ಲಿ ಹಾಗಲ್ಲ: ಅದೇ ಜಾಲದಲ್ಲಿರುವ ಇನ್ನೊಬ್ಬರು ನಡುವೆ ನುಸುಳಿ ತಮ್ಮ ಸರ್ಟಿಫಿಕೇಟ್ ತೋರಿಸಿದರೂ ಬರುವುದು ಇದೇ ಎಚ್ಚರಿಕೆ, ಕಣ್ಣುಮುಚ್ಚಿ ಮುಂದುವರಿದರೆ ಪಾಸ್‌ವರ್ಡ್ ಅವರ ಕೈ ಸೇರುತ್ತದೆ. ಮೊದಲ ಸಲ ಕೇಬಲ್ ಮೂಲಕ ತೆರೆದಾಗಲೇ ಸರ್ಟಿಫಿಕೇಟ್‌ನ ಎಸ್‌ಎಚ್‌ಎ-256 ಬೆರಳಚ್ಚನ್ನು ಬರೆದಿಟ್ಟುಕೊಂಡರೆ, ಮುಂದೆ ಎಚ್ಚರಿಕೆ ಬಂದಾಗ ತಾಳೆ ನೋಡಬಹುದು.

ಕೆಲವು ದೋಷಗಳಲ್ಲಿ ಮುಂದುವರಿಯುವ ಆಯ್ಕೆಯೇ ಕಾಣಿಸುವುದಿಲ್ಲ. ಒಂದೇ ಕಂಪನಿಯ ಎರಡು ಸಾಧನಗಳ ಸರ್ಟಿಫಿಕೇಟ್‌ಗಳಲ್ಲಿ ಕೊಟ್ಟವರ ಹೆಸರೂ ಕ್ರಮಸಂಖ್ಯೆಯೂ ಒಂದೇ ಆಗಿದ್ದರೆ ಫೈರ್‌ಫಾಕ್ಸ್ ಎರಡನೆಯದನ್ನು ತಡೆಯುತ್ತದೆ. ಉಳಿಸಿಕೊಂಡ ಹಳೆಯ ಸರ್ಟಿಫಿಕೇಟನ್ನು ಅಳಿಸುವುದು ಅಥವಾ ಸಾಧನದಲ್ಲಿ ಹೊಸದನ್ನು ಸೃಷ್ಟಿಸುವುದು ಇದಕ್ಕೆ ಮದ್ದು. ಇನ್ನೊಂದು ಕಾರಣ ಹಳೆಯ ಆವೃತ್ತಿ: ಎಚ್‌ಟಿಟಿಪಿಎಸ್‌ಗೆ ಆಧಾರವಾದ ಟಿಎಲ್‌ಎಸ್‌ನ 1.0 ಮತ್ತು 1.1 ಆವೃತ್ತಿಗಳನ್ನು 2021ರ ಆರ್‌ಎಫ್‌ಸಿ 8996 ಅಧಿಕೃತವಾಗಿ ಕೈಬಿಟ್ಟಿತು, ಪ್ರಮುಖ ಬ್ರೌಸರ್‌ಗಳೂ ಬಿಟ್ಟಿವೆ. ಅವನ್ನಷ್ಟೇ ಬಲ್ಲ ಹಳೆಯ ಸಾಧನಕ್ಕೆ ಹೊಸ ಸರ್ಟಿಫಿಕೇಟ್ ಹಾಕಿ ಪ್ರಯೋಜನವಿಲ್ಲ. ತಯಾರಕರು ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿದ್ದರೆ ಅದನ್ನು ಹಾಕಬೇಕು. ಇಲ್ಲವಾದರೆ ಸಾಧನವನ್ನೇ ಬದಲಿಸಬೇಕು.