ಪಕ್ಕದೂರಿನ ರಕ್ತ ಪರೀಕ್ಷೆ

ಲಿಂಗಸುಗೂರು ಬಸ್ ನಿಲ್ದಾಣದ ಎದುರಿನ ತಳ್ಳುಬಂಡಿಯಲ್ಲಿ ಒಗ್ಗರಣಿ ಮಂಡಾಳಿನ ತಟ್ಟೆಗೆ ಬಿಸಿ ಮಿರ್ಚಿ ಬೀಳುವ ಹೊತ್ತು. ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಒಂದು ಕಡೆ ಚಹಾ ಕುಡಿಯುತ್ತ ನಿಂತಿದ್ದಾರೆ. ಇನ್ನೊಂದು ಕಡೆ ಬುತ್ತಿ ಗಂಟು ಹಿಡಿದ ಹೆಂಗಸರು ಕೂಲಿಗೆ ಹೊತ್ತಾಯಿತೆಂದು ಟಂಟಂ ಹತ್ತುತ್ತಿದ್ದಾರೆ. "ಮಸ್ಕಿ, ಸಿಂಧನೂರ್, ಬಳ್ಳಾರಿ, ಬರ್ರಿ ಬರ್ರಿ" ಎಂದು ಕಂಡಕ್ಟರ್ ಕೂಗಿದ್ದೇ ತಡ, ಬಸ್ಸಿನ ಬಾಗಿಲಿಗೆ ಜನ ಮುಗಿಬೀಳುತ್ತಾರೆ. ಕಿಟಕಿಯಿಂದ ಟವೆಲ್ಲು ಒಳಗೆ ಹೋಗಿ ಸೀಟು ಹಿಡಿಯುತ್ತದೆ.

ಸಂತೆಗೆ, ಬೀಗರ ಮನೆಗೆ, ಕೋರ್ಟು ಕಚೇರಿಗೆ ಹೊರಟವರ ನಡುವೆ ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಹೊರಟವರೂ ಒಬ್ಬಿಬ್ಬರು ಇರುತ್ತಾರೆ. ಎತ್ತ ಹೊರಟಿರಿ ಎಂದು ಪಕ್ಕದವರು ಕೇಳಿದರೆ "ಇಲ್ಲೇ, ಅಕ್ಕನ ಊರಿಗ್ರಿ" ಅನ್ನುತ್ತಾರೆ. ಲಿಂಗಸುಗೂರಿನಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲೂ ಎಚ್ಐವಿ ಪರೀಕ್ಷೆಯ ಅದೇ ಕೋಣೆ, ಅದೇ ಸೂಜಿ, ಅಲ್ಲೂ ಕಾಸು ಕೊಡಬೇಕಿಲ್ಲ. ಆದರೆ ಚೀಟಿ ಬರೆಯುವ ಕಿಟಕಿಯಲ್ಲಿ ತಮ್ಮ ಓಣಿಯ ಹುಡುಗ ಕೂತಿರುತ್ತಾನೆ. ಸಾಲಿನಲ್ಲಿ ಸೋದರತ್ತೆ ನಿಂತಿರುತ್ತಾಳೆ. ಹಾಗಾಗಿ ಐವತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಯೇ ಅವರಿಗೆ ಹತ್ತಿರ. ಇದಕ್ಕೆ ಎದುರಿನ ಓಡಾಟವೂ ಇದೆ. ಮಸ್ಕಿಯವರು ಲಿಂಗಸುಗೂರಿಗೆ ಬರುತ್ತಾರೆ, ಸಿಂಧನೂರಿನವರು ರಾಯಚೂರಿಗೋ ಬಳ್ಳಾರಿಗೋ ಹೋಗುತ್ತಾರೆ. ಸ್ವಂತ ಊರಿನ ಕಣ್ಣು ತಪ್ಪಿಸಿ ಪಕ್ಕದೂರಿನಲ್ಲಿ ತೋಳು ಚಾಚುವುದು ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ರೂಢಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಈ ದಾರಿ ಇನ್ನಷ್ಟು ಸಲೀಸಾಗಿದೆ. ಬಸ್ ಚಾರ್ಜಿಗೆಂದು ಗಂಡನ ಮುಂದೆ ಕೈಯೊಡ್ಡಿದರೆ ಎಲ್ಲಿಗೆ, ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಟಿಕೆಟ್ಟಿಗೆ ದುಡ್ಡೇ ಬೇಡವಾದಾಗ ಕೇಳುವ ಪ್ರಸಂಗವೂ ಕಡಿಮೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಒಂದರ ಹಿಂದೆ ಒಂದು ಬರುತ್ತವೆ. ಲಿಂಗಸುಗೂರು ಬ್ರಿಟಿಷರ ಕಾಲದ ಛಾವಣಿ ಊರು. ಮಸ್ಕಿ ಮೊನ್ನೆ ಮೊನ್ನೆ ತಾಲ್ಲೂಕು ಕೇಂದ್ರವಾದದ್ದು. ಹೆದ್ದಾರಿಯಿಂದ ಕಾಣುವ ಅಲ್ಲಿನ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಚಿನ್ನದ ನೆಲೆ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇದನ್ನು ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಹಿಂದಿರುವ ರಾಜ ಅಶೋಕನೇ ಎಂದು ಮೊದಲು ಖಚಿತಪಡಿಸಿದ್ದು ಈ ಬಂಡೆ, ಏಕೆಂದರೆ ಇದರಲ್ಲಿ ಹೆಸರನ್ನೇ ಕೆತ್ತಿದ್ದರು. ಅದೇ ಊರಿನ ಆಸ್ಪತ್ರೆಗೆ ಬರುವ ಮನುಷ್ಯನ ಮೊದಲ ಪ್ರಶ್ನೆ, "ಹೆಸರು ಬರಸ್ಬೇಕೇನ್ರಿ?"

ಮಸ್ಕಿ ದಾಟಿ ಮುಂದೆ ಹೋದಂತೆ ಹತ್ತಿ, ತೊಗರಿ, ಜೋಳದ ಹೊಲಗಳು ಹಿಂದೆ ಸರಿದು ತುಂಗಭದ್ರಾ ಎಡದಂಡೆ ನಾಲೆಯ ನೆಲ್ಲಿನ ಗದ್ದೆಗಳು ಎದುರಾಗುತ್ತವೆ. ಹೆಸರಿನ ಕೊನೆಗೆ ‘ಕ್ಯಾಂಪ್’ ಅಂಟಿಸಿಕೊಂಡ ಹಳ್ಳಿಗಳು ಒಂದೊಂದಾಗಿ ಬರುತ್ತವೆ. ಕೆಲವು ಕರಾವಳಿ ಆಂಧ್ರದಿಂದ ಬಂದ ರೈತರು ನೆಲೆ ನಿಂತ ಕ್ಯಾಂಪುಗಳು, ಕೆಲವು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಕೊಟ್ಟ ಪುನರ್ವಸತಿ ಕ್ಯಾಂಪುಗಳು. ಸಿಂಧನೂರಿನ ಪೇಟೆಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುತ್ತವೆ. ಅಕ್ಕಿ ಮಿಲ್ಲುಗಳ ಮುಂದೆ ಲಾರಿಗಳ ಸಾಲು. ಟ್ರ್ಯಾಕ್ಟರ್ ಷೋರೂಮುಗಳ ಮುಂದೆ ಬಣ್ಣದ ಪತಾಕೆಗಳು. ನೆಲ್ಲು ಹಚ್ಚುವ ಕಾಲಕ್ಕೆ, ಕೊಯ್ಲಿನ ಕಾಲಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಗಳಿಂದ ಅದೇ ಹೊತ್ತಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹೋದವರು ತಿಂಗಳುಗಟ್ಟಲೆ ಮನೆಯಿಂದ ದೂರ. ಸೋಂಕಿಗೂ ಪರೀಕ್ಷೆಗೂ ಈ ಓಡಾಟದ ನಂಟು ಹತ್ತಿರದ್ದು. ಎಲ್ಲಿ ದುಡಿಯುತ್ತಾರೋ ಅಲ್ಲಿ ಆಸ್ಪತ್ರೆಯ ಗುರುತಿಲ್ಲ, ಗುರುತಿರುವ ಊರಿಗೆ ಬಂದಾಗ ಹಬ್ಬದ ಎರಡು ದಿನವಷ್ಟೇ ಬಿಡುವು, ಆ ಎರಡು ದಿನ ಆಸ್ಪತ್ರೆಗೂ ರಜೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು, ಎಕ್ಸ್-ರೇ, ಔಷಧಿ ಕೊಡುವ ಕಿಟಕಿ ದಾಟಿದರೆ ಐಸಿಟಿಸಿ, ಎಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಂದು ಬರೆದ ಬಾಗಿಲು. ಗೋಡೆಯ ಮೇಲೆ ಕೆಂಪು ರಿಬ್ಬನ್ನಿನ ಚಿತ್ರ, ಸಹಾಯವಾಣಿ 1097. ಆ ಚಿತ್ರ ಜನರನ್ನು ಕರೆಯಲೆಂದೇ ಬರೆದದ್ದು, ಆದರೆ ಅದನ್ನು ಕಂಡೇ ಹಿಂದೆ ಸರಿಯುವವರಿದ್ದಾರೆ. ಎದುರಿನ ಬೆಂಚು ಖಾಲಿ. ನಾಲ್ಕು ಮಾರು ಆಚೆ, ಬಿ.ಪಿ. ನೋಡಿಸುವವರ ಬೆಂಚಿನ ತುದಿಯಲ್ಲಿ ಒಬ್ಬ ಕೂತು ಮೊಬೈಲು ನೋಡುತ್ತಿದ್ದಾನೆ. ಕಾರಿಡಾರು ಬರಿದಾಗುವುದನ್ನು ಅವನು ಕಾಯುತ್ತಿದ್ದಾನೆ ಎಂಬುದು ಒಳಗಿನವರಿಗೆ ಗೊತ್ತು. ಕೊನೆಗೆ ಒಮ್ಮೆಲೇ ಎದ್ದು, ಚಪ್ಪಲಿ ಹೊರಗೆ ಬಿಡುವುದನ್ನೂ ಮರೆತು ಒಳಗೆ ನುಗ್ಗುತ್ತಾನೆ.

"ಕುಂದರ್ರಿ ಅಣ್ಣಾರ. ಚಹಾ ಆತೇನ್ರಿ?" ಆಪ್ತ ಸಮಾಲೋಚಕಿ ಕೇಳುತ್ತಾಳೆ.

"ಆತ್ರಿ ಮೇಡಂ. ಏನ್ ರಕ್ತ ತಗೋತೀರಿ ತಗೊಂಡ್‌ಬಿಡ್ರಿ. ಮಿಲ್ಲಿನ್ಯಾಗ ಲಾರಿ ನಿಂತೈತಿ, ಲಗೂನ ಹೋಗಬೇಕು."

"ತಗೊಳ್ಳೂಣ್ರಿ. ಮೊದಲ ಎರಡು ಮಾತಾಡೂಣು. ನೀವು ಹೂಂ ಅನ್ನದ ನಾವು ಸೂಜಿ ಹಿಡಿಯಂಗಿಲ್ಲ."

"ಮನಿಗೆ ಫೋನ್ ಮಾಡಂಗಿಲ್ಲ, ಹೌದಿಲ್ರಿ?"

ಈ ಪ್ರಶ್ನೆ ಬಾರದ ದಿನ ಆ ಕೋಣೆಯಲ್ಲಿ ವಿರಳ. ಉತ್ತರ ಬರೀ ಸಮಾಧಾನದ ಮಾತಲ್ಲ, ಕಾನೂನು. ಎಚ್ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಆಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಕಂಡವರಿಗೆಲ್ಲ ಹೇಳುವಂತಿಲ್ಲ, ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದಲೋ ಶಾಲೆಯಿಂದಲೋ ಬಾಡಿಗೆ ಮನೆಯಿಂದಲೋ ಹೊರಹಾಕುವಂತಿಲ್ಲ. ಒಪ್ಪಿಗೆ ಎಂದರೆ ಹೆಬ್ಬೆಟ್ಟಲ್ಲ, ಕೇಳಿದ್ದು ಅರ್ಥವಾಗಬೇಕು. ಕ್ಯಾಂಪಿನಿಂದ ಬಂದ ಮುದುಕನಿಗೆ ತೆಲುಗಿನಲ್ಲೋ ಬಂಗಾಳಿಯಲ್ಲೋ ಹೇಳುವವರು ಬೇಕು. ಹಾಗೆಂದು ಜೊತೆಗೆ ಬಂದ ನೆಂಟನನ್ನೇ ಅನುವಾದಕ್ಕೆ ಕೂರಿಸಿದರೆ ಗುಟ್ಟು ಅಲ್ಲಿಗೇ ಮುಗಿಯಿತು.

ಪರೀಕ್ಷೆಯೇನೂ ದೊಡ್ಡದಲ್ಲ. ತೋಳಿನಿಂದ ಒಂದಿಷ್ಟು ರಕ್ತ, ಅದೇ ದಿನ ಉತ್ತರ. ಮೊದಲ ಕಿಟ್‌ನಲ್ಲಿ ಸೋಂಕಿನ ಸುಳಿವು ಕಾಣದಿದ್ದರೆ ‘ಇಲ್ಲ’ ಎಂಬ ವರದಿ. ಸುಳಿವು ಕಂಡರೆ ಬೇರೆ ಬಗೆಯ ಇನ್ನೆರಡು ಕಿಟ್‌ಗಳಲ್ಲಿ ನೋಡಿ, ಮೂರೂ ಒಂದೇ ಮಾತು ಹೇಳಿದರಷ್ಟೇ ‘ಇದೆ’ ಎನ್ನುತ್ತಾರೆ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೆ ಸಿಗದಿರಬಹುದು, ಆದ್ದರಿಂದ ಅನುಮಾನ ಇದ್ದವರಿಗೆ ಮೂರು ತಿಂಗಳ ಮೇಲೆ ಮತ್ತೊಮ್ಮೆ ಬರಲು ಹೇಳುತ್ತಾರೆ. ವರದಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಅದೇ ಆಸ್ಪತ್ರೆಯ ಇನ್ನೊಂದು ತುದಿಯಲ್ಲಿ ಇಂಥ ಹಿಂಜರಿಕೆ ಇಲ್ಲ. ಗರ್ಭಿಣಿಯರ ತಪಾಸಣೆಯ ದಿನ ಆಶಾ ಕಾರ್ಯಕರ್ತೆಯರ ಹಿಂದೆ ಹೆಣ್ಣುಮಕ್ಕಳು ಸಾಲಾಗಿ ಬರುತ್ತಾರೆ. ಕೈಯಲ್ಲಿ ತಾಯಿ ಕಾರ್ಡು, ತಲೆಯಲ್ಲಿ ಅಬ್ಬಲಿಗೆ ಹೂವು, ಜೊತೆಗೆ ಅತ್ತೆಯೋ ತಾಯಿಯೋ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಅದರ ಜೊತೆಗೇ ಎಚ್ಐವಿ. ಮಗುವಿಗೆ ಒಳ್ಳೆಯದು ಅಂದರೆ ಸಾಕು, ಯಾರೂ ತೋಳು ಹಿಂದೆಳೆಯುವುದಿಲ್ಲ. ಇಲ್ಲಿ ಬರುವುದಕ್ಕೆ ಎದೆಗಾರಿಕೆ ಬೇಕಿಲ್ಲ, ಎಲ್ಲರೂ ಬರುವುದರಿಂದ ಯಾರ ಮೇಲೂ ಅನುಮಾನವಿಲ್ಲ. ಸಿಕ್ಕ ಫಲವೂ ದೊಡ್ಡದು. ಏನೂ ಮಾಡದೆ ಬಿಟ್ಟರೆ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ನೂರಕ್ಕೆ 15ರಿಂದ 45. ತಾಯಿ ಎಚ್ಐವಿ ಮಾತ್ರೆ ತಪ್ಪಿಸದೆ ನುಂಗಿ, ಮಗುವಿಗೆ ಹುಟ್ಟಿದ ಕೂಡಲೇ ಔಷಧಿ ಶುರುವಾದರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ.

ಆದರೆ ಈ ವ್ಯವಸ್ಥೆಗೆ ಒಂದು ಓರೆ ಇದೆ. ಮನೆಯಲ್ಲಿ ಮೊದಲು ಪರೀಕ್ಷೆಗೆ ಒಳಗಾಗುವವಳು ಹೆಂಡತಿ. ಆದ್ದರಿಂದ ಮೊದಲು ‘ಇದೆ’ ಎನ್ನಿಸಿಕೊಳ್ಳುವವಳೂ ಅವಳೇ.

"ನಿಮ್ಮನಿಯವರು ಬಂದಾರೇನವ್ವ?"

"ಇಲ್ರಿ, ಬೆಂಗಳೂರಾಗ ಅದಾರ. ಹಬ್ಬಕ್ಕ ಬರ್ತಾರ್ರಿ."

ಸೋಂಕು ಬೆಂಗಳೂರಿನಿಂದಲೇ ಬಂದಿರಲಿ, ಗಂಡ ಬರುವ ತನಕ ಕಾಗದದ ಮೇಲೆ ಇರುವುದು ಇವಳ ಫಲಿತಾಂಶವೊಂದೇ. "ನಿನ್ನಿಂದಾನ ಬಂತು" ಎಂಬ ಮಾತು ಹುಟ್ಟುವುದು ಈ ನಡುವಿನ ದಿನಗಳಲ್ಲಿ. ಕೆಲವು ಸಲ ಆ ಮಾತು ಅವಳನ್ನು ತವರಿಗೆ ಕಳಿಸುವವರೆಗೂ ಹೋಗುತ್ತದೆ. ಹೆದರುವವಳು ಮುಂದಿನ ತಪಾಸಣೆಗೇ ಬಾರದಿರಬಹುದು. ಗಂಡಸರಿಗೆ ಇಂಥ ಸಾಲು, ಇಂಥ ಕಾರ್ಡು ಯಾವುದೂ ಇಲ್ಲ. ಮೈ ಗಟ್ಟಿಯಾಗಿರುವ ತನಕ ಅವರಿಗೆ ಸರ್ಕಾರಿ ಆಸ್ಪತ್ರೆಯ ಕೆಲಸವೇ ಬೀಳುವುದಿಲ್ಲ. ಜ್ವರ ಬಂದರೆ ಊರಿನ ಆರ್‌ಎಂಪಿ ಡಾಕ್ಟರ ಸೂಜಿ, ತೂಕ ಇಳಿದರೆ ದೇವರ ಹರಕೆ. ಆಸ್ಪತ್ರೆ ಸೇರುವ ಹೊತ್ತಿಗೆ ಕ್ಷಯವೂ ಕೂಡಿಕೊಂಡಿರುತ್ತದೆ. ಕ್ಷಯ ರೋಗಿಗಳಿಗೆಲ್ಲ ಎಚ್ಐವಿ ಪರೀಕ್ಷೆ ಮಾಡಿಸುವ ಪದ್ಧತಿ ಇರುವುದರಿಂದ ಎಷ್ಟೋ ಗಂಡಸರಿಗೆ ಸೋಂಕು ಗೊತ್ತಾಗುವುದು ಕೆಮ್ಮಿನ ದಾರಿಯಲ್ಲಿ.

ಇನ್ನೊಂದು ತಡೆ "ನಮಗ್ಯಾಕ ಬರ್ತೈತಿ" ಎಂಬ ನಂಬಿಕೆ. ದೇವದಾಸಿಯಾಗಿ ಮುತ್ತು ಕಟ್ಟುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲಿ ನಿಷೇಧಿಸಿದರೂ ಅದರ ನೆರಳು ಈ ಸೀಮೆಯ ಹೆಣ್ಣುಮಕ್ಕಳ ಮೇಲೆ ಬಹಳ ಕಾಲ ಉಳಿಯಿತು. ಸೋಂಕಿನ ಮಾತು ಬಂದಾಗೆಲ್ಲ ಊರು ಅವರ ಕಡೆ, ಇಲ್ಲವೇ ಲಾರಿ ಡ್ರೈವರುಗಳ ಕಡೆ ಬೊಟ್ಟು ಮಾಡುತ್ತದೆ. ಬೊಟ್ಟು ಮಾಡಿದವರು ತಾವು ಪರೀಕ್ಷೆಯಿಂದ ಪಾರಾದೆವೆಂದುಕೊಳ್ಳುತ್ತಾರೆ. ಲೈಂಗಿಕ ವೃತ್ತಿಯ ಮಹಿಳೆಯರಾದರೋ ತಮ್ಮವರೇ ಆದ ಕಾರ್ಯಕರ್ತೆಯರ ಜೊತೆ ನಿಯಮಿತವಾಗಿ ಬಂದು ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಎಂದೋ ಕಲಿತರು. ಅವರನ್ನು ಕರೆತಂದದ್ದು ಗೋಡೆಯ ಬರಹವಲ್ಲ, ತಾನೂ ಮಾಡಿಸಿಕೊಂಡಿದ್ದೇನೆ ಎಂದ ಗೆಳತಿ.

ಔಷಧಿಯ ಮಾತು ಬೇರೆಯೇ ಹೇಳಬೇಕು. ದೇಶದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಕರ್ನಾಟಕ ರಾಜ್ಯ ಏಡ್ಸ್ ತಡೆ ಸೊಸೈಟಿ ಹುಟ್ಟಿದ್ದು 1997ರಲ್ಲಿ. ಪರೀಕ್ಷಾ ಕೇಂದ್ರಗಳು ಶುರುವಾದ ಆ ದಿನಗಳಲ್ಲಿ ‘ಇದೆ’ ಎಂದ ಮೇಲೆ ಕೊಡಲು ಸರ್ಕಾರದ ಬಳಿ ಏನೂ ಇರಲಿಲ್ಲ. ಗೊತ್ತಾಗಿ ಮಾಡುವುದೇನು ಎಂದು ಜನ ಕೇಳಿದರೆ ಅದರಲ್ಲಿ ತಪ್ಪೂ ಇರಲಿಲ್ಲ. 2004ರ ಏಪ್ರಿಲ್ 1ರಂದು ಸರ್ಕಾರ ವೈರಸ್ ತಗ್ಗಿಸುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ತೊಡಗಿತು. ಆಗಲೂ ಅವು ಸಿಗುತ್ತಿದ್ದದ್ದು ದೊಡ್ಡ ಊರುಗಳಲ್ಲಿ, ಅದೂ ರೋಗನಿರೋಧಕ ಶಕ್ತಿ ಇಷ್ಟು ಇಳಿದಿರಬೇಕೆಂಬ ಲೆಕ್ಕದ ಮೇಲೆ. 2017ರಿಂದ ಆ ಲೆಕ್ಕ ಹೋಗಿ, ಸೋಂಕು ಖಚಿತವಾದವರಿಗೆಲ್ಲ ಮಾತ್ರೆ. ದಿನಕ್ಕೊಂದು ಗುಳಿಗೆ ಬಿಡದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿದರೆ ಲೈಂಗಿಕ ಸಂಬಂಧದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಹಿಂದೆ ಸೊರಗಿ ಹಾಸಿಗೆ ಹಿಡಿದವನೇ ಈಗ ಮಿಲ್ಲಿನಲ್ಲಿ ಚೀಲ ಹೊರುವುದನ್ನು ಕಂಡವರಿಗೆ ಪರೀಕ್ಷೆಯ ಹೆದರಿಕೆ ಅರ್ಧ ಇಳಿಯುತ್ತದೆ. ಕಷ್ಟವೆಂದರೆ ಹಾಗೆ ಚೇತರಿಸಿಕೊಂಡವನು ತನ್ನ ಗುಟ್ಟು ಕಾಯುತ್ತಾನೆ. ಸತ್ತವರ ಸುದ್ದಿ ಊರಿಗೆಲ್ಲ ಗೊತ್ತು, ಬದುಕಿದವರ ಸುದ್ದಿ ಯಾರಿಗೂ ಗೊತ್ತಿಲ್ಲ.

2021ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.21. ಕರ್ನಾಟಕದ್ದು ಅದರ ಎರಡು ಪಟ್ಟು ಮೀರಿತ್ತು. ಆದ್ದರಿಂದ ಕಾದು ಕೂರುವ ಕೋಣೆ ಸಾಲದು, ಹುಡುಕಿ ಹೋಗುವ ಕಾಲೂ ಬೇಕು. ಬೆರಳ ತುದಿಯ ಒಂದು ಹನಿ ರಕ್ತದಲ್ಲೇ ಮೊದಲ ತಪಾಸಣೆ ಮುಗಿಯುವಾಗ ಅದನ್ನು ಹಳ್ಳಿಗೆ, ಮಿಲ್ಲಿಗೆ ಒಯ್ಯಬಹುದು. ಆದರೆ ಎಚ್ಐವಿ ಎಂದು ಬರೆದ ವ್ಯಾನು ಊರ ಅಗಸಿಯಲ್ಲಿ ನಿಂತರೆ ಸುತ್ತ ಸೇರುವವರು ಹುಡುಗರಷ್ಟೇ. ಬಿ.ಪಿ., ಸಕ್ಕರೆ, ಕೆಮ್ಮಿನ ತಪಾಸಣೆಯ ಜೊತೆ ಅದೂ ಒಂದಾದರೆ ಹಮಾಲರೂ ಅಂಗಿಯ ತೋಳು ಮಡಚಿ ನಿಲ್ಲುತ್ತಾರೆ. ಅವರ ಕೂಲಿ ಕಟ್ಟಾಗದ ಹೊತ್ತಿಗೆ, ಸಂಜೆ ಮಿಲ್ಲಿನ ಗೇಟಿನಲ್ಲಿ, ಗಣಿಯ ಪಾಳಿ ಬದಲಾಗುವಾಗ, ಗುಳೆ ಹೋದವರು ಊರಿಗೆ ಬರುವ ಯುಗಾದಿ, ಮೊಹರಂ, ಜಾತ್ರೆಯ ವಾರದಲ್ಲಿ ಅದು ನಡೆಯಬೇಕು.

ಪಕ್ಕದೂರಿಗೆ ಹೋಗಿ ಪರೀಕ್ಷೆ ಮಾಡಿಸುವವರನ್ನು ಅಂಜುಬುರುಕರು ಅನ್ನುವುದು ಸುಲಭ. ನಿಜಕ್ಕೆ ಅವರು ಒಂದು ದಿನದ ಕೂಲಿ ಬಿಟ್ಟು, ಮನೆಯಲ್ಲಿ ಒಂದು ಸುಳ್ಳು ಹೇಳಿ, ಎರಡು ತಾಸು ಬಸ್ಸಿನಲ್ಲಿ ಕೂತು ಬಂದವರು. ಅಷ್ಟು ಮಾಡಲಾಗದವರು ಅವರಿಗಿಂತ ಬಹಳ ಜನ. ಆ ಬಹಳ ಜನಕ್ಕಾಗಿ ಮೊದಲು ಆಗಬೇಕಾದ ಕೆಲಸ ದುಬಾರಿಯದಲ್ಲ. ಬಸುರಿ ಹೆಂಡತಿಯ ಮೊದಲ ತಪಾಸಣೆಗೆ ಗಂಡನೂ ಬರಲಿ, ಅದೇ ಹೊತ್ತಿಗೆ ಅವನಿಗೂ ತಿಳಿಸಿ, ಒಪ್ಪಿಸಿ ರಕ್ತ ನೋಡಲಿ. ಇಬ್ಬರ ಉತ್ತರ ಒಟ್ಟಿಗೇ ಬಂದರೆ ಯಾರಿಂದ ಬಂತು ಎಂಬ ಜಗಳಕ್ಕಿಂತ ಇನ್ನೇನು ಮಾಡೋಣ ಎಂಬ ಮಾತು ಮುಂದೆ ಬರುತ್ತದೆ. ಇವತ್ತು ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಆ ಮೊದಲ ಉತ್ತರದ ಭಾರವನ್ನು ಹೆಣ್ಣುಮಕ್ಕಳು ಒಬ್ಬರೇ ಹೊರುತ್ತಿದ್ದಾರೆ. ಗಂಡಸರು ತಮ್ಮ ಪಾಲಿನದನ್ನು ಹೊತ್ತುಕೊಳ್ಳಲು ತಮ್ಮ ಊರಿನ ಆಸ್ಪತ್ರೆಗೇ ಬರಲಿ.