ಡಮಾಮಿ ಬಾರಿಸುವವರ ಹೆಸರೇನು?

ಇವತ್ತು ಜಾಝ್ ಸಂಶೋಧನೆ ಬಗ್ಗೆ ಮಾತಾಡೋಣ. ಆದ್ರೆ ನಾನು ಶುರುಮಾಡೋದು ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳ ಡಮಾಮಿಯಿಂದ.

ಮರದ ಈ ಚರ್ಮವಾದ್ಯ ಕೇಳಿದಾಗ ಜಾಝ್ ನೆನಪಾಗಬಹುದು. ಆದರೆ ಎರಡೂ ಒಂದೇ ಅಲ್ಲ. ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ತಂದರು. ಅಮೆರಿಕಕ್ಕೆ ಸಾಗಿಸಿದ್ದು ಹೆಚ್ಚಾಗಿ ಪಶ್ಚಿಮ, ಮಧ್ಯ ಆಫ್ರಿಕಾದವರನ್ನು. ಎರಡೂ ಸಂಗೀತದ ಹಿಂದೆ ಇರೋದು ಗುಲಾಮಗಿರಿಯ ನೋವು.

ವ್ಯತ್ಯಾಸ ಇರೋದು ದಾಖಲೆಯಲ್ಲಿ. 1900ರ ಆಸುಪಾಸಿನಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ಜಾಝ್ ರೂಪುಗೊಂಡಿತು. 1958ರಲ್ಲಿ ಅಲ್ಲಿನ ಟುಲೇನ್ ವಿಶ್ವವಿದ್ಯಾಲಯ ಜಾಝ್ ಸಂಗ್ರಹಾಲಯ ಶುರುಮಾಡಿ, ವಯಸ್ಸಾದ ವಾದಕರ ಮಾತನ್ನು ಟೇಪ್‌ನಲ್ಲಿ ಹಿಡಿದಿಟ್ಟಿತು. ಹಾಗಾಗಿ ಪ್ರಸಿದ್ಧರಲ್ಲದ ವಾದಕರ ಬದುಕೂ ಇತಿಹಾಸಕ್ಕೆ ಸೇರಿತು.

ಸಿದ್ದಿಗಳ ಬಗ್ಗೆಯೂ ಪುಸ್ತಕಗಳಿವೆ: 1976ರಲ್ಲಿ ಟಿ.ಸಿ. ಪಾಲಾಕ್ಷಪ್ಪ, 2007ರಲ್ಲಿ ಪಾಶಿಂಗ್ಟನ್ ಒಬೆಂಗ್ ಬರೆದರು. ಇವು ಇಡೀ ಸಮುದಾಯದ ಅಧ್ಯಯನಗಳು. ನಾವು ಮಾತ್ರ ವೇದಿಕೆ ಮೇಲೆ 'ಸಿದ್ದಿ ನೃತ್ಯ' ಅಂತ ಕೂಗಿ, ಚಪ್ಪಾಳೆ ತಟ್ಟಿ ಮುಗಿಸ್ತೀವಿ. ಬಾರಿಸಿದವರ ಹೆಸರು ಕೇಳೋದೇ ಇಲ್ಲ.

ನಿಮ್ಮೂರಲ್ಲಿ ಡಮಾಮಿ ಬಾರಿಸುವ ಅಜ್ಜ ಇದ್ದಾರಾ? ಅವರ ಒಪ್ಪಿಗೆ ಕೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಯಾರಿಂದ ಕಲಿತ್ರಿ, ಯಾವಾಗ ಬಾರಿಸ್ತೀರಿ, ಅಂತ ಕೇಳಿ. ಮೊದಲ ಪ್ರಶ್ನೆ ಮಾತ್ರ ಹೆಸರಿನದೇ ಇರಲಿ.