ಬೇರಿನ ನೆಂಟನೂ ಚೌಳು ನೆಲವೂ

ನೀರಾವರಿಯು ನಾಡಿಗೆ ಭಾಗ್ಯವನ್ನು ತರತಕ್ಕದ್ದೆಂಬುದು ಸರ್ವಮಾನ್ಯವಾದ ಮಾತು. ಆದರೆ ಬಸಿದುಹೋಗಲು ದಾರಿಯಿಲ್ಲದ ನೀರು ನೆಲದೊಳಗಿನ ಉಪ್ಪನ್ನು ಮೇಲಕ್ಕೆ ತಂದು ಚೌಳನ್ನು ಉಳಿಸುವುದೆಂಬುದನ್ನು ನಾವು ಸಾಕಷ್ಟು ಮನಗಂಡಂತಿಲ್ಲ. 1953ರಲ್ಲಿ ನೀರು ಕಂಡ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, ಕಾಲುವೆಯ ಮೇಲ್ಭಾಗದವರು ಮಿತನೀರಿನ ಬೆಳೆಗಳನ್ನು ಬಿಟ್ಟು ಬತ್ತಕ್ಕೆ ಕೈಹಾಕಿದುದರಿಂದ, ಎಷ್ಟೋ ಎರೆಹೊಲಗಳು ಜವುಗಾಗಿ ಕೆಟ್ಟಿವೆ. ದೇಶದಲ್ಲೆಲ್ಲ ಉಪ್ಪಿನಿಂದ ಕೆಟ್ಟ ಭೂಮಿಯು ಸುಮಾರು 67 ಲಕ್ಷ ಹೆಕ್ಟೇರುಗಳೆಂದು ಲೆಕ್ಕ.

ಹತ್ತಿಯು ತಾಳುವ ಉಪ್ಪನ್ನು ತರಕಾರಿಯು ತಾಳಲಾರದು. ಹುರುಳಿಕಾಯಿ, ಈರುಳ್ಳಿ, ಮೆಣಸಿನಕಾಯಿಗಳು ಬಹುಬೇಗನೆ ಸೊರಗುವುವು. ಟೊಮ್ಯಾಟೊ ತುಸು ಗಟ್ಟಿ. ಉಪ್ಪು ನೆಲದಲ್ಲಿರುವ ನೀರನ್ನು ಬೇರಿಗೆ ದಕ್ಕಗೊಡುವುದಿಲ್ಲ. ಅದರ ಸೋಡಿಯಂ ಅಂಶವು ಗಿಡದೊಳಕ್ಕೆ ನುಗ್ಗಿ ಪೊಟ್ಯಾಸಿಯಂನ ಸ್ಥಾನವನ್ನು ಅಪಹರಿಸುವುದು.

ಈ ಸಂಕಟದಲ್ಲಿ ಗಿಡಕ್ಕೆ ನೆರವಾಗುವ ನೆಂಟನೊಬ್ಬನು ಮಣ್ಣಿನಲ್ಲೇ ಇದ್ದಾನೆ. ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರವೇ ಅವನು. ಈ ಕೂಡುಬಾಳ್ವೆಗೆ ಜರ್ಮನಿಯ ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞರು 1885ರಲ್ಲಿ ‘ಮೈಕೋರೈಜ’ ಎಂದು ಹೆಸರಿಟ್ಟರು. ಶಿಲೀಂಧ್ರದ ನವಿರಾದ ಎಳೆಗಳು ಬೇರು ಮುಟ್ಟದ ಎಡೆಗಳಿಗೂ ಹಬ್ಬಿ ರಂಜಕವನ್ನೂ ನೀರನ್ನೂ ತಂದುಕೊಡುವುವು. ಸೋಡಿಯಂ ಎಲೆಗೇರುವುದನ್ನು ತಗ್ಗಿಸಿ ಪೊಟ್ಯಾಸಿಯಂನ ಪ್ರಮಾಣವನ್ನು ಕಾಪಾಡಲು ನೆರವಾಗುವುವು. ಗಿಡವು ತಾನು ಬಿಸಿಲಿನಲ್ಲಿ ಸಿದ್ಧಪಡಿಸಿದ ಸಕ್ಕರೆ ಕೊಬ್ಬುಗಳನ್ನಿತ್ತು ಈ ಋಣವನ್ನು ತೀರಿಸುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಈ ವಿದ್ಯೆಯನ್ನು ಬೆಳೆಸಿದರೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ.

ಆದರೆ ಈ ನೆಂಟನಿಗೂ ಒಂದು ಮರ್ಯಾದೆಯುಂಟು. ಸಸಿಮಡಿಯಲ್ಲೇ ಅವನನ್ನು ಬೇರಿಗೆ ಕೂಡಿಸಬೇಕು. ರಂಜಕದ ಗೊಬ್ಬರವನ್ನು ಮಿತಿಮೀರಿ ಸುರಿದಲ್ಲಿ ಗಿಡಕ್ಕೆ ಅವನ ಹಂಗು ಬೇಡವಾಗಿ ಸಂಬಂಧವೇ ಸಡಿಲುವುದು. ಕೋಸು, ಹೂಕೋಸು, ಮೂಲಂಗಿಗಳ ಕುಲಕ್ಕೂ ಅವನಿಗೂ ನಂಟಿಲ್ಲ. ಆ ಬೆಳೆಗಾರರಿಗೆ ಇದನ್ನು ಮಾರುವುದು ವಂಚನೆಯೇ ಸರಿ. ಜೀವವಿಲ್ಲದ ಪುಡಿಯನ್ನು ಪೊಟ್ಟಣಕಟ್ಟಿ ಮಾರುವವರ ಮೇಲೆಯೂ ಸರ್ಕಾರದವರು ಕಣ್ಣಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಶಿಲೀಂಧ್ರವು ಗಿಡಕ್ಕೆ ಉಪ್ಪನ್ನು ತಾಳುವ ಶಕ್ತಿಯನ್ನು ಕೊಡಬಲ್ಲುದೇ ಹೊರತು ನೆಲದ ಉಪ್ಪನ್ನು ಕಳೆಯಲಾರದು. ಅದನ್ನು ಕಳೆಯಬೇಕಾದರೆ ಬಸಿಗಾಲುವೆ ಬೇಕು, ತೊಳೆಯಲು ಸಿಹಿನೀರು ಬೇಕು, ಕ್ಷಾರ ನೆಲಕ್ಕೆ ಜಿಪ್ಸಂ ಬೇಕು; ನೀರಿನ ಹಂಚಿಕೆಯಲ್ಲಿ ನ್ಯಾಯವೂ ಬೇಕು. ಪೊಟ್ಟಣವೊಂದನ್ನು ರೈತನ ಕೈಗಿತ್ತು ಬಸಿಗಾಲುವೆಯನ್ನು ಮರೆಯುವುದು ಅಧಿಕಾರಿಗಳಿಗೆ ಸುಲಭವಾದೀತು, ನಾಡಿಗೆ ಹಿತವಾಗದು. ಗಂಗಾವತಿಯಲ್ಲಿ ಚೌಳು ಭೂಮಿಯ ಸಂಶೋಧನೆ ನಡೆದೇ ಇದೆ. ಅಲ್ಲಿಯ ಅರಿವು ಹೊಲದ ಬದುವನ್ನು ತಲಪಲಿ. ಮಣ್ಣಿನ ನೆಂಟನು ತನ್ನ ಕೆಲಸವನ್ನು ಮಾಡಲಿ, ಸರ್ಕಾರದವರು ತಮ್ಮದನ್ನು ಮಾಡಲಿ.